ವೆಲ್ಡಿಂಗ್ ಬರುತ್ತೆ, ಸ್ಕೂಬಾನೂ ಕಲಿತರೆ ನೀರೊಳಗಿನ ರಿಪೇರಿ ಕೆಲಸ ಸಿಗುತ್ತಾ?

ಸ್ಕೂಬಾ ಸರ್ಟಿಫಿಕೇಟ್ ತಗೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಸ್ಕೂಬಾದಲ್ಲಿ ಬೆನ್ನಿನ ಸಿಲಿಂಡರ್ ಗಾಳಿಯಲ್ಲೇ ಉಸಿರಾಡುವುದು, ನಮ್ಮ ಪದ್ಧತಿ ಬೇರೆ. ನಾನು ಇದೇ ಕೆಲಸದಲ್ಲಿರುವವನು, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ನಮಗೆ ಗಾಳಿ ಬರುವುದು ಮೇಲಿನಿಂದ, ಪೈಪಿನಲ್ಲಿ. ಮಾತಾಡುವ ವೈರು, ಆಳ ಅಳೆಯುವ ಸಣ್ಣ ಟ್ಯೂಬು ಎಲ್ಲ ಅದರ ಜೊತೆಗೇ ಬಿಗಿದಿರುತ್ತಾರೆ. ಅದೇ ಅಂಬಿಲಿಕಲ್. ಬೆನ್ನಿಗೆ ಸಿಲಿಂಡರ್ ಇರುತ್ತದೆ, ಆದರೆ ಮೇಲಿನ ಗಾಳಿ ನಿಂತರೆ ಅಂತ. ಸೂಪರ್‌ವೈಸರ್‌ಗೆ ನಿಮ್ಮ ಉಸಿರಾಟವೂ ಕೇಳಿಸುತ್ತಿರುತ್ತದೆ. ಏದುಸಿರು ಬಂದರೆ, 'ಕೆಲಸ ನಿಲ್ಲಿಸು, ಸ್ವಲ್ಪ ಸುಧಾರಿಸಿಕೋ' ಅಂತ ಅವರೇ ಹೇಳುತ್ತಾರೆ. ದಡದಲ್ಲಿ ಟೆಂಡರ್ ಅನ್ನುವ ಒಬ್ಬ ಸಹಾಯಕ ಆ ಪೈಪನ್ನು ಬಿಡುತ್ತಾ ಎಳೆಯುತ್ತಾ ಇರುತ್ತಾನೆ. ಇನ್ನೊಬ್ಬ ಡೈವರ್ ಇಳಿಯಲು ತಯಾರಾಗಿ ಕೂತಿರುತ್ತಾನೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಟೆಂಡರ್ ಕೆಲಸವೇ.

ವೆಲ್ಡಿಂಗ್ ನೀವು ಅಂದುಕೊಂಡಷ್ಟು ಇರುವುದಿಲ್ಲ. ಕಂಬಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆಯುವುದು, ಬಿರುಕು ಹುಡುಕುವುದು, ಕಬ್ಬಿಣದ ದಪ್ಪ ಅಳೆಯುವುದು, ಕಾಂಕ್ರೀಟ್ ಹಾಕಲು ಶಟರಿಂಗ್ ಕಟ್ಟುವುದು, ಇದೇ ಜಾಸ್ತಿ. ಕೆಸರು ನೀರಿನಲ್ಲಿ ಲೈಟ್ ಇದ್ದರೂ ಏನೂ ಕಾಣುವುದಿಲ್ಲ. ಬೆರಳಿನಿಂದಲೇ ತಡಕಬೇಕು. 'ಉಗುರು ಒಳಗೆ ಹೋಗ್ತಿದೆ, ಉದ್ದ ಒಂದು ಗೇಣು' ಅಂತ ಹೇಳುತ್ತಾ ಹೋದರೆ ಮೇಲಿನವರು ಬರೆದುಕೊಳ್ಳುತ್ತಾರೆ.

ಕಾಂಕ್ರೀಟನ್ನು ಸುಮ್ನೆ ನೀರಿಗೆ ಸುರಿದರೆ ಸಿಮೆಂಟು ತೊಳೆದುಹೋಗುತ್ತದೆ. ಹಾಗಾಗಿ ಕಾಂಕ್ರೀಟನ್ನು ಕೆಳಗಿಳಿಸುವ ಟ್ರೆಮಿ ಪೈಪಿನ ಬಾಯಿ ಆಗಲೇ ಹಾಕಿದ ಕಾಂಕ್ರೀಟಿನೊಳಗೆ ಹೂತೇ ಇರಬೇಕು. ಇನ್ನು ನೀರಲ್ಲೇ ಮಾಡಿದ ವೆಲ್ಡಿಂಗ್ ಒಮ್ಮೆಗೇ ತಣ್ಣಗಾಗಿ ಪೆಡಸಾಗುತ್ತದೆ, ಹೈಡ್ರೋಜನ್ ಬೇರೆ ಸೇರಿಕೊಂಡು ಬಿರುಕು ಬಿಡಬಹುದು. ಮುಖ್ಯವಾದ ಜಾಯಿಂಟ್ ಆದರೆ ಸುತ್ತ ಪೆಟ್ಟಿಗೆಯಂಥದ್ದು ಕೂರಿಸಿ, ನೀರು ಹೊರಗೆ ತಳ್ಳಿ, ಒಣ ಜಾಗದಲ್ಲಿ ಮಾಡುತ್ತಾರೆ.

ನನಗೆ ಆಳಕ್ಕಿಂತ ಹೆಚ್ಚು ಭಯ ಇರುವುದು ನೀರಿನ ಸೆಳೆತದ್ದು. 10 ಮೀಟರ್ ಆಳದಲ್ಲಿ ಒಂದು ಗೇಟು, ಅದರ ಆಚೆ ನೀರಿಲ್ಲ, ಗೇಟಿನಲ್ಲಿ 30 ಸೆಂಟಿಮೀಟರ್ ಅಗಲದ ದುಂಡು ತೂತು ಅಂದುಕೊಳ್ಳಿ. ಅದಕ್ಕೆ ಮೈ ಅಡ್ಡ ಬಿದ್ದರೆ ಸುಮಾರು 700 ಕೆಜಿ ಭಾರ ಒತ್ತಿ ಹಿಡಿಯುತ್ತದೆ. ನಾಲ್ಕು ಜನ ಎಳೆದರೂ ಬಿಡಿಸಲಾಗದು. ಇನ್ನೂ ಕೆಟ್ಟದ್ದೆಂದರೆ, ಸ್ವಲ್ಪ ದೂರದಲ್ಲಿದ್ದಾಗ ಸೆಳೆತದ ಸುಳಿವೇ ಇರುವುದಿಲ್ಲ. ಅದಕ್ಕೇ ಇಳಿಯುವ ಮೊದಲು ಪಂಪು, ಗೇಟು ಎಲ್ಲ ಬಂದ್ ಮಾಡಿ ಬೀಗ ಹಾಕಿಸಬೇಕು. ಬೀಗದ ಕೈ ನಮ್ಮ ತಂಡದ ಹತ್ತಿರವೇ ಇರಬೇಕು. ಸಾಧ್ಯವಿದ್ದರೆ ಎರಡೂ ಕಡೆ ನೀರಿನ ಮಟ್ಟ ಸಮ ಮಾಡಿಸಬೇಕು. 'ಐದು ನಿಮಿಷದ ಕೆಲಸಕ್ಕೆ ಪಂಪ್ ಯಾಕೆ ನಿಲ್ಲಿಸೋದು' ಅಂತ ಯಾರಾದರೂ ಅಂದರೆ ಇಳಿಯಲೇಬೇಡಿ.

ಕೋರ್ಸ್ ಸೇರುವುದಾದರೆ ಮೇಲಿನಿಂದ ಗಾಳಿ ಕೊಡುವ ಪದ್ಧತಿ ಕಲಿಸುವ ಕಮರ್ಷಿಯಲ್ ಡೈವಿಂಗ್ ಕೋರ್ಸನ್ನೇ ಹುಡುಕಿ. ಅದಕ್ಕೂ ಮೊದಲು ಡೈವಿಂಗ್ ಗೊತ್ತಿರುವ ಡಾಕ್ಟರ ಹತ್ತಿರ ಕಿವಿ, ಶ್ವಾಸಕೋಶ ತೋರಿಸಿ. ಫೀಸು ಕಟ್ಟಿದ ಮೇಲೆ ಮೆಡಿಕಲ್‌ನಲ್ಲಿ ಫೇಲಾದರೆ ದುಡ್ಡು ದಂಡ ಅಲ್ವಾ?