ಪುಡಿ ತುಂಬಿ ನೋಡದೆ ಪೌಚ್ ಪ್ರಿಂಟಿಗೆ ಕೊಡಬೇಡಿ

ಕೊಪ್ಪಳದಲ್ಲಿ ಮನೆಯಲ್ಲೇ ಚಟ್ನಿ ಪುಡಿ, ಸೋಪು ಮಾಡಿ ಮಾರಬೇಕು, ಲೇಬಲ್ಲನ್ನು ಮೊಬೈಲ್ ಆ್ಯಪ್‌ನಲ್ಲಿ ನಾನೇ ಮಾಡಲಾ, ಡಿಸೈನರ್ ಹಿಡಿಯಲಾ ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ಗಂಗಾವತಿಯಲ್ಲಿ ನಾನೂ ಇದನ್ನೇ ಯೋಚಿಸುತ್ತಾ ಒಂದು ತಿಂಗಳು ಕಳೆದೆ. ಕೊನೆಗೆ ಡಿಸೈನರ್ ಹತ್ತಿರ ಹೋದೆ. ಆದರೂ 35,000 ರೂಪಾಯಿ ಹೋಯಿತು.

ನಮ್ಮದು ಗುರೆಳ್ಳು ಪುಡಿ. ಕಪ್ಪಗೆ, ಎಣ್ಣೆ ಎಣ್ಣೆಯಾಗಿ ಇರುತ್ತದೆ. ಜನ ಪುಡಿ ನೋಡಿ ತಗೊಳ್ಳಲಿ ಅಂತ ಒಳಗಿದ್ದದ್ದು ಕಾಣುವ ಪ್ಲಾಸ್ಟಿಕ್ ಪೌಚ್ ಆರಿಸಿದೆ. ಅಕ್ಷರಕ್ಕೆ ಇಳಕಲ್ ಸೀರೆ ಸೆರಗಿನ ಕೆಂಪು. ಡಿಸೈನರ್ ವಾಟ್ಸಾಪ್‌ನಲ್ಲಿ ಪ್ರೂಫ್, ಅಂದ್ರೆ ಪ್ರಿಂಟಿಗೆ ಮುಂಚೆ ಒಪ್ಪಿಗೆಗೆ ತೋರಿಸುವ ನಮೂನೆ, ಕಳಿಸಿದರು. ಬಿಳಿ ಸ್ಕ್ರೀನ್ ಮೇಲೆ ಕೆಂಪು ಅಕ್ಷರ ಎದ್ದು ಕಾಣುತ್ತಿತ್ತು. ಎರಡು ಬೆರಳಲ್ಲಿ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿ ಓಕೆ ಅಂದೆ. 5,000 ಪೌಚ್, ಒಂದಕ್ಕೆ 7 ರೂಪಾಯಿ.

ಮಾಲು ಅಂಗಡಿಗೆ ಹೋಗಿ ಒಂದು ವಾರ ಆಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿಯಲ್ಲಿ ನಿಂತಿದ್ದೆ. ಹಿರಿಯರೊಬ್ಬರು ನಮ್ಮ ಪೌಚ್ ಎತ್ತಿಕೊಂಡು, “ಇದ್ರಾಗ ಶೇಂಗಾ ಹಾಕ್ಯಾರೇನ್ರೀ? ನಮ್ಮ ಮೊಮ್ಮಗಗ ಶೇಂಗಾ ಆಗಂಗಿಲ್ಲ” ಅಂದರು. ಅಂಗಡಿಯವರು ಹಿಂದೆ ತಿರುಗಿಸಿದರು. ಟ್ಯೂಬ್‌ಲೈಟಿಗೆ ಹಿಡಿದರು. ಆಮೇಲೆ ಪೌಚನ್ನು ಹೆಬ್ಬೆರಳಲ್ಲಿ ಒತ್ತಿ ಪುಡಿಯನ್ನು ಪಕ್ಕಕ್ಕೆ ಸರಿಸಿದರು. ಸರಿದ ಜಾಗದಲ್ಲಿ ‘ಕೊಬ್ಬರಿ’ ಅಂತ ಕಂಡಿತು. ಬೆರಳು ತೆಗೆದ ಕೂಡಲೇ ಪುಡಿ ವಾಪಸ್ ಬಂದು ಅದೂ ಮುಚ್ಚಿತು. ಶೇಂಗಾ ಮೂರನೇ ಸಾಲಿನಲ್ಲಿತ್ತು. ನಾನೇ ಮುಂದೆ ಹೋಗಿ “ಐತ್ರೀ, ಒಯ್ಯಬ್ಯಾಡ್ರಿ” ಅಂದೆ. ಅವತ್ತು ನಾನು ಅಲ್ಲಿ ಇಲ್ಲದಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಇಂತಹ ಪ್ಲಾಸ್ಟಿಕ್ ಮೇಲೆ ಹಚ್ಚಿದ ಇಂಕು ತೆಳ್ಳಗೆ ಇರುತ್ತದೆ, ಹಿಂದಿರುವ ಬಣ್ಣ ಅದರೊಳಗಿಂದ ಕಾಣುತ್ತದೆ. ಅಕ್ಷರದ ಹಿಂದೆ ಬಿಳಿ ಇಂಕಿನ ಒಂದು ಪದರ ಹಾಕಿಸಬೇಕು. ನಾನು ಹಾಕಿಸಿರಲಿಲ್ಲ. ಹಾಗಾಗಿ ನನ್ನ ಲೇಬಲ್ಲಿನ ಹಿನ್ನೆಲೆ ಬಿಳಿ ಆಗಿರಲೇ ಇಲ್ಲ, ಗುರೆಳ್ಳು ಪುಡಿಯೇ ಹಿನ್ನೆಲೆ. ಕಪ್ಪಿನ ಮೇಲೆ ಕಡುಗೆಂಪು. ಪೌಚ್ ಬಂದ ದಿನ ಖಾಲಿ ಪೌಚನ್ನು ಸುಣ್ಣದ ಗೋಡೆಗೆ ಹಿಡಿದು ನೋಡಿದ್ದೆ. ಪುಡಿ ತುಂಬಿ ಸೀಲ್ ಹಾಕುವಾಗ ಮುಂದಿನ ದೊಡ್ಡ ಹೆಸರು ಹೇಗೋ ಕಾಣುತ್ತಿತ್ತು, ಹಿಂದೆ ತಿರುಗಿಸಲೇ ಇಲ್ಲ. ಪ್ರಿಂಟಿಗೆ ಕೊಡುವ ಮುಂಚೆ ಅದೇ ಪ್ಲಾಸ್ಟಿಕ್ಕಿನಲ್ಲಿ ಒಂದೇ ಒಂದು ಸ್ಯಾಂಪಲ್ ತೆಗೆಸಿ, ಪುಡಿ ತುಂಬಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಅದಕ್ಕೇ ಹೇಳೋದು, ಆ್ಯಪೋ ಡಿಸೈನರೋ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಯಾರು ಮಾಡಿದರೂ ನಡೆಯುತ್ತದೆ. ಮೊದಲು ಏನು ಬರೆಯಬೇಕು ಅಂತ ಒಂದು ಹಾಳೆಯಲ್ಲಿ ನೀವೇ ಬರೆಯಿರಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮದಲ್ಲಿ ಎಲ್ಲಾ ಇದೆ. ಸಾಮಗ್ರಿಗಳು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆಯ ಕಡೆಗೆ ಸಾಲಾಗಿ ಬರಬೇಕು. ಶೇಂಗಾ ಅಲರ್ಜಿ ಪಟ್ಟಿಯಲ್ಲಿದೆ, ಸಾಮಗ್ರಿ ಸಾಲಿನಲ್ಲಿ ಬರೆದರೆ ಸಾಲದು, ‘ಶೇಂಗಾ ಇದೆ’ ಅಂತ ಬೇರೆಯಾಗಿ ಹೇಳಬೇಕು. ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ, ಬ್ಯಾಚ್ ನಂಬರ್, ತಾರೀಖು ನಿಮಗೆ ಗೊತ್ತೇ ಇರುತ್ತದೆ. ತೂಕಕ್ಕೆ ಇಂಗ್ಲಿಷಿನ ‘ಜಿ’ ಒಂದೇ ಅಕ್ಷರ ಸಾಕು, ‘ಜಿಎಂಎಸ್’ ಅಂತ ಹಾಕಿದರೆ ತೂಕ ಮತ್ತು ಅಳತೆ ಇಲಾಖೆಯವರು ಒಪ್ಪುವುದಿಲ್ಲ.

ಭಾಷೆ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಕೇಂದ್ರದ ನಿಯಮದ ಪ್ರಕಾರ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಅದರ ಜೊತೆಗೆ. ಕನ್ನಡ ಕೈಬಿಡುವಂತೆಯೂ ಇಲ್ಲ. ಇಲ್ಲೇ ಮಾಡಿ ಇಲ್ಲೇ ಮಾರುವ ವಸ್ತುವಿನ ಹೆಸರು ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಹಾಕಿ, ನಮ್ಮ ಪುಡಿ ತಿನ್ನುವವರು ಓದೋದು ಕನ್ನಡವನ್ನೇ ಅಲ್ವಾ? ಆದರೆ ಇಂಗ್ಲಿಷಿನಷ್ಟೇ ಸಣ್ಣ ಸೈಜ್ ಕೊಡಬೇಡಿ. ‘ಎಣ್ಣೆ’, ‘ಕೊತ್ತಂಬರಿ’ ಇವುಗಳ ಒತ್ತಕ್ಷರದ ಸಂದಿಯಲ್ಲಿ ಇಂಕು ತುಂಬಿ ಚುಕ್ಕೆ ಆಗುತ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿಸಿ.

ಸೋಪನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದಕ್ಕೆ ಎಫ್‌ಎಸ್‌ಎಸ್‌ಎಐ ನಂಬರ್ ನಡೆಯುವುದಿಲ್ಲ, 2020ರ ಸೌಂದರ್ಯವರ್ಧಕ ನಿಯಮದಡಿ ಬೇರೆ ಲೈಸೆನ್ಸ್ ಬೇಕು. ‘ಗಜಕರ್ಣ ವಾಸಿಯಾಗುತ್ತದೆ’ ಅಂತ ಬರೆದರೆ ಅದು ಸೋಪಾಗಿ ಉಳಿಯಲ್ಲ, ಕಾನೂನಿನ ಲೆಕ್ಕದಲ್ಲಿ ಔಷಧಿ ಆಗುತ್ತದೆ.

ಈಗ ನಮ್ಮ ಪೌಚಿನ ಹಿಂಭಾಗ ಪೂರ್ತಿ ಬಿಳಿ, ಅಕ್ಷರ ಕಪ್ಪು. ಪುಡಿ ಕಾಣಲು ಮುಂದೆ ಅಂಗೈಯಷ್ಟು ಕಿಟಕಿ. ಹೊಸ ಪ್ರೂಫ್ ಬಂದಾಗೆಲ್ಲ ಸರಿಯಾದ ಸೈಜಿನಲ್ಲಿ ಪ್ರಿಂಟ್ ತೆಗೆದು ಅತ್ತೆ ಕೈಗೆ ಕೊಡುತ್ತೇನೆ. ರಾತ್ರಿ, ಅಡುಗೆಮನೆ ಲೈಟಿನಲ್ಲಿ, ಕನ್ನಡಕ ಇಲ್ಲದೆ. ಅವರು ‘ಶೇಂಗಾ’ ಅಂತ ಓದಿದ ಮೇಲೇ ಪ್ರೆಸ್ಸಿಗೆ ಫೋನ್ ಮಾಡೋದು.

ನಿಮ್ಮದು ತಯಾರಾದರೆ ಪುಡಿ ತುಂಬಿದ ಪೌಚಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಹಿಂಭಾಗದ್ದು.