ಫಿಸಿಕ್ಸ್ ಓದಿದವರು ಅಂಗವಿಕಲರ ಸಾಧನಗಳ ಮೇಲೆ ಸಂಶೋಧನೆ ಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಎಂ.ಎಸ್ಸಿ. ಫಿಸಿಕ್ಸ್ ಮುಗಿಸಿದ್ದೀರಿ. ಅಂಗವಿಕಲರಿಗೆ ನೆರವಾಗುವ ಸಾಧನಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ ಇದೆ. ಮನೆಯಲ್ಲಿ ಮಾತ್ರ "ಅದು ಇಂಜಿನಿಯರ್‌ಗಳ ಕೆಲಸ, ಓದಿದ್ದೆಲ್ಲ ದಂಡ ಆಗುತ್ತೆ" ಅಂತಿದ್ದಾರೆ. ನಿಜವಾ ಅಂತ ಕೇಳಿದ್ದೀರಿ.

ದಂಡ ಆಗುವುದಿಲ್ಲ. ನಾನೂ ಫಿಸಿಕ್ಸ್ ಓದಿಯೇ ಈ ಕಡೆ ಬಂದವನು, ಈಗ ಕೃತಕ ಮಂಡಿಗಳ ಮೇಲೆ ಕೆಲಸ ಮಾಡುತ್ತೇನೆ. ಎಂ.ಎಸ್ಸಿ.ಯ ಕ್ವಾಂಟಮ್ ಮೆಕ್ಯಾನಿಕ್ಸ್ ಇಲ್ಲಿ ಕೆಲಸಕ್ಕೆ ಬಂದಿಲ್ಲ ಅನ್ನಿ. ಬಿ.ಎಸ್ಸಿ. ಮೊದಲ ವರ್ಷದ ಟಾರ್ಕ್, ಅಂದರೆ ಬಲವೊಂದು ವಸ್ತುವನ್ನು ತಿರುಗಿಸುವ ಲೆಕ್ಕ, ಅದು ಮಾತ್ರ ದಿನಾ ಬೇಕು.

ಮಂಡಿಯನ್ನೇ ತೆಗೆದುಕೊಳ್ಳಿ. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡವರಿಗೆ ಪಾದಕ್ಕಿಂತ ಮಂಡಿಯದೇ ದೊಡ್ಡ ಸಮಸ್ಯೆ. ಅಗ್ಗದ ಮಂಡಿ ಅಂದರೆ ಬಾಗಿಲಿನ ಕೀಲು ಇದ್ದ ಹಾಗೆ, ಅದಕ್ಕಿರುವುದು ಒಂದೇ ಅಚ್ಚು. ಹಿಮ್ಮಡಿ ಊರಿದ ಕ್ಷಣ ನೆಲ ನಮ್ಮನ್ನು ಮೇಲಕ್ಕೆ ತಳ್ಳುತ್ತದಲ್ವಾ? ಆ ಬಲದ ಗೆರೆ ಅಚ್ಚಿನ ಹಿಂದೆ ಹಾದುಹೋದರೆ ಮಂಡಿ ತಟ್ಟನೆ ಮಡಚಿಕೊಳ್ಳುತ್ತದೆ, ಮನುಷ್ಯ ಮುಗ್ಗರಿಸುತ್ತಾನೆ. ಈ ಭಯಕ್ಕೆ ಎಷ್ಟೋ ಜನ ಮಂಡಿಯನ್ನು ಲಾಕ್ ಮಾಡಿಕೊಂಡು, ಕಾಲನ್ನು ನೆಟ್ಟಗೆ ಇಟ್ಟುಕೊಂಡು, ಸೊಂಟ ಎತ್ತಿ ಎತ್ತಿ ನಡೆಯುತ್ತಾರೆ. ವರ್ಷಗಟ್ಟಲೆ ಹಾಗೆ ನಡೆದರೆ ಬೆನ್ನು ಏನಾಗಬೇಡ!

ಈಗ ಒಂದು ಅಚ್ಚಿನ ಬದಲು ನಾಲ್ಕು ಪಟ್ಟಿಗಳನ್ನು ಪಿನ್ ಹಾಕಿ ಜೋಡಿಸಿದ ಮಂಡಿ ನೋಡಿ. ಇದರಲ್ಲಿ ತಿರುಗುವ ಕೇಂದ್ರ ಒಂದೇ ಕಡೆ ಕೂತಿರುವುದಿಲ್ಲ. ನೆಟ್ಟಗೆ ನಿಂತಾಗ ಅದು ಕಣ್ಣಿಗೆ ಕಾಣುವ ಮಂಡಿಗಿಂತ ಮೇಲೆ, ಸ್ವಲ್ಪ ಹಿಂದೆ ಇರುತ್ತದೆ. ಹಾಗಾಗಿ ನೆಲದ ಬಲದ ಗೆರೆ ಅದರ ಮುಂದೆ ಹಾದುಹೋಗಿ ಮಂಡಿಯನ್ನು ಮಡಚುವ ಬದಲು ಇನ್ನಷ್ಟು ನೆಟ್ಟಗೆ ಮಾಡುತ್ತದೆ. ಮಂಡಿ ಬಾಗತೊಡಗಿದರೆ ಕೇಂದ್ರ ಸರಸರನೆ ಕೆಳಕ್ಕೆ ಜಾರುತ್ತದೆ, ಆಮೇಲೆ ಮಡಚುವುದು ಸುಲಭ. ಕಾಲು ಬೀಸುವಾಗ ಅದರ ಒಟ್ಟು ಉದ್ದವೂ ತುಸು ಕಮ್ಮಿಯಾಗುತ್ತದೆ, ಪಾದದ ತುದಿ ನೆಲಕ್ಕೆ ಎಡವುವುದು ತಪ್ಪುತ್ತದೆ. ಮೋಟಾರ್ ಬೇಡ, ಬ್ಯಾಟರಿ ಬೇಡ. ಪಟ್ಟಿಗಳ ಉದ್ದ ಎಷ್ಟಿರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಇದು ಫಿಸಿಕ್ಸ್ ಅಲ್ಲದೆ ಮತ್ತೇನು?

ಐಐಟಿ ಮದ್ರಾಸ್‌ನವರು 2022ರಲ್ಲಿ ಹೊರತಂದ 'ಕದಮ್' ಈ ಜಾತಿಯ ಮಂಡಿ. ನಮ್ಮ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೂಡ ಅದರಲ್ಲಿ ಪಾಲುದಾರ. ಅದು 160 ಡಿಗ್ರಿವರೆಗೆ ಬಾಗುತ್ತದೆ. ನಡೆಯುವುದಕ್ಕೆ ಅಷ್ಟು ಬಾಗುವುದು ಬೇಕಾಗಿಯೇ ಇಲ್ಲ. ಬಸ್ಸಿನ ಇಕ್ಕಟ್ಟಾದ ಸೀಟಿಗೆ, ಆಟೋಗೆ ಬೇಕು. 1968ರ ಸುಮಾರಿಗೆ ಜೈಪುರ ಕಾಲು ಹುಟ್ಟಿದ್ದೂ ಇಂಥದ್ದೇ ಕಾರಣಕ್ಕೆ. ಹೊರದೇಶದ ಮಾದರಿಯ ಕೃತಕ ಪಾದ ಬೂಟಿನೊಳಗೆ ಇರಬೇಕಿತ್ತು, ಅದರಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರಿಗೆ ಅದು ಯಾವ ಉಪಯೋಗಕ್ಕೆ? ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಅವರ ಜೊತೆ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ರಬ್ಬರ್‌ನಲ್ಲಿ ಹೊಸ ಪಾದ ಮಾಡಿದರು. ಶರ್ಮಾ ಅವರ ಹೆಸರು ಬಹಳ ಕಡೆ ಬಿಟ್ಟುಹೋಗುತ್ತದೆ, ಅದು ನನಗೆ ಸರಿ ಕಾಣುವುದಿಲ್ಲ.

ಅಪ್ಪಟ ಫಿಸಿಕ್ಸ್‌ನವರ ಉದಾಹರಣೆ ಬೇಕಿದ್ದರೆ ಆಕ್ಸ್‌ಫರ್ಡ್‌ನ ಜೋಶುವಾ ಸಿಲ್ವರ್ ಬಗ್ಗೆ ಓದಿ. ಅವರು ಪರಮಾಣು ಭೌತಶಾಸ್ತ್ರದವರು. ತೆಳು ಪೊರೆಯ ಹಿಂದೆ ಸಿಲಿಕೋನ್ ಎಣ್ಣೆ ತುಂಬಿದ ಕನ್ನಡಕದ ಲೆನ್ಸ್ ಮಾಡಿದರು. ಎಣ್ಣೆ ಒಳಗೆ ತಳ್ಳಿದರೆ ಲೆನ್ಸ್ ಉಬ್ಬುತ್ತದೆ, ಎಳೆದರೆ ತಗ್ಗುತ್ತದೆ. ಕಣ್ಣಿನ ಡಾಕ್ಟರ್ ಸಿಗದ ಊರಲ್ಲಿ ತನಗೆ ಸ್ಪಷ್ಟವಾಗಿ ಕಾಣುವವರೆಗೂ ಹಾಕಿಕೊಂಡವರೇ ಹೊಂದಿಸಿಕೊಳ್ಳಬಹುದು. ಸೊಗಸಾದ ಉಪಾಯ. ಆದರೆ ಪೊರೆ ಸಮನಾಗಿ ಉಬ್ಬಬೇಕಾದರೆ ಚೌಕಟ್ಟು ದುಂಡಗೇ ಇರಬೇಕು. ಅಸ್ಟಿಗ್ಮ್ಯಾಟಿಸಮ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದ ದೋಷ) ಇದ್ದವರಿಗೆ ಇದು ಸರಿಹೋಗುವುದಿಲ್ಲ. ಇನ್ನು ಹೈಸ್ಕೂಲ್ ಹುಡುಗಿಯೊಬ್ಬಳು ಅಂಥ ದುಂಡು, ದಪ್ಪ ಕನ್ನಡಕ ಹಾಕಿಕೊಂಡು ಕ್ಲಾಸಿಗೆ ಹೋಗುತ್ತಾಳಾ? ನನಗೇನೋ ಅನುಮಾನ. ನೋಡಲು ಹೇಗಿದೆ ಅನ್ನುವುದನ್ನು ನಮ್ಮ ಫಿಸಿಕ್ಸ್ ಮಂದಿ ಯಾವಾಗಲೂ ಕೊನೆಗೆ ಯೋಚಿಸುತ್ತಾರೆ.

ಐಐಟಿ ದೆಹಲಿಯ ಸ್ಮಾರ್ಟ್‌ಕೇನ್ ಕೂಡ ನೋಡಿ. ಕಣ್ಣು ಕಾಣದವರು ಹಿಡಿಯುವ ಬಿಳಿ ಕೋಲಿಗೆ ತಗಲುವುದು ಹೆಚ್ಚಾಗಿ ಮಂಡಿಯಿಂದ ಕೆಳಗಿನ ವಸ್ತುಗಳು. ಚಾಚಿಕೊಂಡ ಕೊಂಬೆ, ತೆರೆದಿಟ್ಟ ಕಿಟಕಿ, ನಿಂತ ಲಾರಿಯ ಹಿಂಭಾಗ ಇವೆಲ್ಲ ನೇರ ಮುಖಕ್ಕೇ ಬಡಿಯುತ್ತವೆ. ಕೋಲಿನ ಹಿಡಿಯಿಂದ ಅಲ್ಟ್ರಾಸೌಂಡ್ ಕಳಿಸಿ, ಸುಮಾರು 3 ಮೀಟರ್ ಒಳಗೆ ಏನಾದರೂ ಇದ್ದರೆ ಕೈಗೆ ಕಂಪನದಲ್ಲಿ ತಿಳಿಸುತ್ತಾರೆ. ಅಷ್ಟು ದೂರ ಹೋಗಿ ಬರಲು ಶಬ್ದಕ್ಕೆ 18 ಮಿಲಿಸೆಕೆಂಡ್ ಸಾಕು, ಪಿಯುಸಿ ಲೆಕ್ಕ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು 2014ರಲ್ಲಿ ಬಳಕೆದಾರರ ಕೈಗೆ ಬಂತು. ಮಧ್ಯದ ವರ್ಷಗಳೆಲ್ಲ ಕೋಲು ಹಿಡಿದು ನಡೆಯುವವರ ಮಾತು ಕೇಳುವುದರಲ್ಲಿ, ತಯಾರಿಸಿ ಕೊಡುವ ಕಂಪನಿ ಹುಡುಕುವುದರಲ್ಲಿ ಹೋದವು.

ಕೆಲಸಕ್ಕೇನೂ ಬರ ಇಲ್ಲ. ಗಾಲಿಕುರ್ಚಿ, ಶ್ರವಣಯಂತ್ರ, ಕನ್ನಡಕ ಹೀಗೆ ಒಂದಾದರೂ ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗಿಂತ ಜಾಸ್ತಿ ಅಂತ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ವರದಿ ಕೊಟ್ಟಿವೆ. ಆದರೆ ಸಾಧನ ಹಂಚಿದರೆ ಮುಗಿಯಲಿಲ್ಲ. ನಾನು ಹೋದ ಒಂದು ಕೇಂದ್ರದಲ್ಲಿ ದಾನ ಬಂದ ಗಾಲಿಕುರ್ಚಿಗಳು ಸಾಲಾಗಿ ಧೂಳು ಹಿಡಿದಿದ್ದವು. ಆ ಅಳತೆಯ ಟೈರ್ ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ಅಮೆರಿಕದ ಎಂಐಟಿಯ ಏಮೋಸ್ ವಿಂಟರ್ ಗುಂಪು ಲಿವರ್ ತಳ್ಳಿ ಓಡಿಸುವ ಗಾಲಿಕುರ್ಚಿ ಮಾಡುವಾಗ ಸೈಕಲ್ ಭಾಗಗಳನ್ನೇ ಬಳಸಿತು. ಲಿವರ್‌ನ ತುದಿ ಹಿಡಿದರೆ ಉಬ್ಬು ಹತ್ತುವ ಬಲ, ಕೆಳಗೆ ಹಿಡಿದರೆ ವೇಗ. ಗೇರ್ ಬದಲಿಸಲು ಕೈ ಜರುಗಿಸಿದರೆ ಆಯಿತು. ರಿಪೇರಿಗೆ ಸೈಕಲ್ ಶಾಪ್.

ಈಗ ನಿಮ್ಮ ವಿಷಯ. ಐಐಎಸ್‌ಸಿಯ ಬಯೋಇಂಜಿನಿಯರಿಂಗ್ ವಿಭಾಗ, ಕದಮ್ ಮಾಡಿದ ಐಐಟಿ ಮದ್ರಾಸ್‌ನ ಆರ್2ಡಿ2 ಕೇಂದ್ರ, ಸ್ಮಾರ್ಟ್‌ಕೇನ್ ಮಾಡಿದ ಐಐಟಿ ದೆಹಲಿಯ ಅಸಿಸ್‌ಟೆಕ್ ಲ್ಯಾಬ್, ಈ ಮೂರರ ಕೆಲಸ ಮೊದಲು ನೋಡಿ. ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯ ಇದೆ. ಎಂ.ಎಸ್ಸಿ.ಯವರಿಗೆ ಯಾವ ವಿಭಾಗದಲ್ಲಿ ಅವಕಾಶ ಅಂತ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪೇಪರ್‌ಗಳ ಪಟ್ಟಿ ನೋಡಿ ಮರುಳಾಗಬೇಡಿ. ಅವರ ಲ್ಯಾಬಿಗೆ ಸಾಧನ ಬಳಸುವವರು ಎಷ್ಟು ಸಲ ಬರುತ್ತಾರೆ, ಆಸ್ಪತ್ರೆ ಯಾವುದು ಜೊತೆಗಿದೆ ಅಂತ ಅಲ್ಲಿನ ಹುಡುಗರನ್ನು ಕೇಳಿ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಆ ಸಮಯದಲ್ಲಿ ಸಾಲಿಡ್‌ವರ್ಕ್ಸ್ (ಕಂಪ್ಯೂಟರ್‌ನಲ್ಲಿ ಭಾಗಗಳ ವಿನ್ಯಾಸ ಮಾಡುವ ಸಾಫ್ಟ್‌ವೇರ್), ಆರ್ಡ್ಯುಯಿನೊ (ಸೆನ್ಸರ್, ಮೋಟಾರ್ ನಡೆಸುವ ಪುಟ್ಟ ಬೋರ್ಡ್) ಕಲಿತುಬಿಡಿ, ನಮಗೆ ಕಾಲೇಜಲ್ಲಿ ಯಾರೂ ಕಲಿಸಿರುವುದಿಲ್ಲ.

ಎಂ.ಎಸ್ಸಿ.ಯಲ್ಲಿ ಯಾವ ಪ್ರಾಜೆಕ್ಟ್ ಮಾಡಿದ್ದಿರಿ ಅಂತ ಕೆಳಗೆ ಬರೆಯಿರಿ. ಆಪ್ಟಿಕ್ಸ್ ಆಗಿದ್ದರೆ ನಾನು ಹೇಳುವ ಲ್ಯಾಬ್‌ಗಳೇ ಬೇರೆ.