ಬಿಲ್ ಕೇಳಿ, ಮಾತ್ರೆ ನಿಲ್ಲಿಸಬೇಡಿ

ಹೊಳಲ್ಕೆರೆಯ ಓದುಗರೊಬ್ಬರ ಪತ್ರ: ‘ತಾಯಿಯ ಬಿ.ಪಿ. ಮಾತ್ರೆಯನ್ನು ದಾವಣಗೆರೆಯ ಅಂಗಡಿಯೊಂದರಲ್ಲಿ ಭಾರಿ ರಿಯಾಯಿತಿಗೆ ಕೊಂಡೆವು. ಬಿಲ್ ಕೊಡಲಿಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರಗಳು ಮಸುಕಾಗಿವೆ, ಬಿ.ಪಿ. ಇಳಿಯುತ್ತಿಲ್ಲ. ಇದು ನಕಲಿಯೇ? ಇನ್ನು ಸರ್ಕಾರಿ ಯೋಜನೆಯ ಅಗ್ಗದ ಜನೌಷಧಿಯನ್ನೂ ನಂಬಬಾರದೇ?’

ಸಂಪಾದಕರ ಉತ್ತರ:

ಮಾನ್ಯರೇ, ಮೊದಲು ತಾಯಿಯವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಅನುಮಾನವೆಂದು ಬಿ.ಪಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಉಳಿದ ಮಾತ್ರೆಗಳನ್ನು ಎಸೆಯಬೇಡಿ, ಅವು ಸಾಕ್ಷ್ಯ.

ನಕಲಿಯೋ ಅಲ್ಲವೋ ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಪ್ರಯೋಗಾಲಯವೇ ಹೇಳಬೇಕು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮಿನಂತೆ, ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು ಎಲ್ಲರಿಗೂ ಇದೆ. ಈ ಹಕ್ಕು ಎಷ್ಟೋ ಜನರಿಗೆ ತಿಳಿದೇ ಇಲ್ಲ ಎಂಬುದು ನನ್ನ ಸಂಕಟ.

ಬಿಲ್ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಬ್ಯಾಚ್ ಸಂಖ್ಯೆ (ಒಂದೇ ಸಲಕ್ಕೆ ತಯಾರಾದ ಔಷಧದ ಗುರುತು ಸಂಖ್ಯೆ) ಇರುವ ಬಿಲ್ ಕೈಯಲ್ಲಿದ್ದರೆ ಅಧಿಕಾರಿಗಳು ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಕಾರ್ಖಾನೆಗೆ ಜಾಡು ಹಿಡಿಯಬಹುದು. ನಕಲಿ ಸರಕು ಸುಲಭವಾಗಿ ನುಸುಳುವುದು ಬಿಲ್ ಇಲ್ಲದ ಕೊಡುಕೊಳ್ಳುವಿಕೆಯಲ್ಲಿ. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದಾಗ ಬರುವ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ಮಾತ್ರೆಯ ಪಟ್ಟಿಯ ಮೇಲಿರುವುದರೊಂದಿಗೆ ತಾಳೆ ನೋಡಿ. ಬರೀ ಕೋಡ್ ಇದೆಯೆಂದು ನೆಚ್ಚಬೇಡಿ, ಅದನ್ನೂ ನಕಲು ಮಾಡಬಹುದು.

ಇದು ನಮ್ಮೂರಿನ ಪಾಡು ಮಾತ್ರವಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತು. ಮದ್ದಿನ ಅಂಶ ಅರೆಬರೆ ಇರುವ ಆ್ಯಂಟಿಬಯೋಟಿಕ್‌ ರೋಗಾಣುವನ್ನು ಕೊಲ್ಲುವ ಬದಲು ಮದ್ದಿಗೆ ಬಗ್ಗದಂತೆ ಪಳಗಿಸಬಹುದು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇರುವುದನ್ನು ಅದೇ ಸಂಸ್ಥೆ ಬಯಲು ಮಾಡಿತು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಇಷ್ಟು ಹಳೆಯ, ಪರೀಕ್ಷೆಯಿಂದ ಪತ್ತೆಯಾಗುವ ವಿಷ ಇಂದಿಗೂ ಮಕ್ಕಳ ಬಾಯಿಗೆ ಬೀಳುತ್ತಿರುವುದು ಕ್ಷಮೆಗೆ ಅರ್ಹವಲ್ಲ. ಪ್ರಾಣಕ್ಕೆ ಎರವಾಗುವ ನಕಲಿ ಔಷಧಕ್ಕೆ ನಮ್ಮಲ್ಲಿ ಜೀವಾವಧಿಯವರೆಗೆ ಶಿಕ್ಷೆಯಿದೆ. ಆದರೆ ಮಾದರಿ ಸಂಗ್ರಹಿಸುವ ಪರಿವೀಕ್ಷಕರೂ ಬೇಗ ವರದಿ ಕೊಡುವ ಪ್ರಯೋಗಾಲಯಗಳೂ ಸಾಕಷ್ಟಿಲ್ಲದಿದ್ದರೆ ಆ ಶಿಕ್ಷೆಗೆ ಯಾರು ಹೆದರುತ್ತಾರೆ?

ಜನೌಷಧಿಯನ್ನು ದಯವಿಟ್ಟು ನಕಲಿಯೊಂದಿಗೆ ಸಮೀಕರಿಸಬೇಡಿ. ಅಲ್ಲಿ ಸಿಗುವುದು ಜೆನೆರಿಕ್, ಅಂದರೆ ಬ್ರ್ಯಾಂಡ್ ಹೆಸರಿಲ್ಲದೆ ಮೂಲ ಮದ್ದಿನ ಹೆಸರಿನಲ್ಲೇ ಮಾರುವ ಔಷಧ. ಅದು ಅಗ್ಗವಾಗುವುದು ಮುಖ್ಯವಾಗಿ ಬ್ರ್ಯಾಂಡ್ ಹೆಸರಿನ ಪ್ರಚಾರದ ಖರ್ಚು ಇಲ್ಲದ್ದರಿಂದ. ಬೆಲೆ ಕಡಿಮೆಯೆಂಬುದೊಂದೇ ನಕಲಿಯ ಗುರುತಲ್ಲ. ಈ ಗೊಂದಲದಿಂದ ನಷ್ಟವಾಗುವುದು ಬಡ ರೋಗಿಗಳಿಗೇ.

ಅಂಗಡಿಯ ಹೆಸರು, ಕೊಂಡ ದಿನ, ಬ್ಯಾಚ್ ಸಂಖ್ಯೆ ಬರೆದು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ನಮಗೂ ಕಳುಹಿಸಿದರೆ, ದೂರು ಏನಾಯಿತೆಂದು ವಿಚಾರಿಸಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.